ವಿಮಾನದ ಕೈಚೀಲಕ್ಕೆ ಅಲಗಿಲ್ಲದ ಮಲ್ಟಿಟೂಲ್: ಆರಿಸುವುದರಿಂದ ತಪಾಸಣೆ ದಾಟಿಸುವವರೆಗೆ

ಸೂಟ್‌ಕೇಸಿನ ಜಿಪ್ಪಿನ ಕೊಂಡಿ ಕಿತ್ತು ಕೈಗೆ ಬರುವುದು, ಕನ್ನಡಕದ ಕಡ್ಡಿಯ ಸ್ಕ್ರೂ ಸಡಿಲವಾಗುವುದು, ಹೊಸ ಅಂಗಿಯ ಬೆಲೆಚೀಟಿಯ ಪ್ಲಾಸ್ಟಿಕ್ ಎಳೆಯನ್ನು ಹಲ್ಲಿನಿಂದ ಕಚ್ಚಬೇಕಾಗುವುದು, ಇವೆಲ್ಲ ಊರು ಬಿಟ್ಟ ಮೇಲೆಯೇ ಎದುರಾಗುವ ತಾಪತ್ರಯಗಳು. ಇವುಗಳಲ್ಲಿ ಒಂದಕ್ಕೂ ಚಾಕು ಬೇಕಿಲ್ಲ. ಪುಟ್ಟ ಕತ್ತರಿ, ಚಪ್ಪಟೆ ತುದಿಯ ಒಂದು ಸ್ಕ್ರೂಡ್ರೈವರ್, ಸ್ಟಾರ್ ತುದಿಯದು ಇನ್ನೊಂದು, ಸಾಧ್ಯವಾದರೆ ಬೆರಳುದ್ದದ ಇಕ್ಕಳ ಇದ್ದರೆ ಸಾಕು. ಆದರೆ ಅಂಗಡಿಯಲ್ಲಿ ಸಿಗುವ ಬಹುಪಾಲು ಮಲ್ಟಿಟೂಲ್‌ಗಳಲ್ಲಿ, ಅಂದರೆ ಹಲವು ಉಪಕರಣಗಳನ್ನು ಒಂದರಲ್ಲೇ ಜೋಡಿಸಿದ ಸಾಧನಗಳಲ್ಲಿ, ಚಾಕುವೇ ಯಜಮಾನ, ಉಳಿದವು ಅದರ ಪರಿವಾರ. ಆ ಯಜಮಾನನಿಗೆ ಬಹುತೇಕ ಭದ್ರತಾ ತಪಾಸಣೆಗಳಲ್ಲಿ ಪ್ರವೇಶವಿಲ್ಲ.

ಅಲಗಿಲ್ಲದ್ದನ್ನು ಕೊಂಡರೆ ಎಲ್ಲವೂ ಸಲೀಸು ಎಂದು ಮಾರುವವರು ಹೇಳುತ್ತಾರೆ. ಅದು ಅರ್ಧ ನಿಜ. ನೀವು ಕೊಳ್ಳುವ ಉಪಕರಣ ನಿಮಗೆ ಮೆಚ್ಚುಗೆಯಾದರೆ ಸಾಲದು. ಎಕ್ಸ್‌ರೇ ಪರದೆಯ ಮುಂದೆ ಕುಳಿತ ಸಿಬ್ಬಂದಿಗೆ ಕೆಲವೇ ಕ್ಷಣಗಳಲ್ಲಿ ಅದು ಏನೆಂದು ತಿಳಿಯಬೇಕು. ಅದೂ ನಿಮ್ಮ ದಾರಿಯಲ್ಲಿರುವ ಅತ್ಯಂತ ಬಿಗಿಯಾದ ನಿಲ್ದಾಣದಲ್ಲಿ. ಮುಂದಿನ ಹೆಜ್ಜೆಗಳೆಲ್ಲ ಈ ಲೆಕ್ಕಾಚಾರದ ಮೇಲೆಯೇ ನಿಂತಿವೆ.

ಮೊದಲ ಹೆಜ್ಜೆ: ದಾರಿಯನ್ನು ಬರೆದುಕೊಳ್ಳಿ

ಮಾದರಿಗಳನ್ನು ನೋಡುವ ಮುನ್ನ ನೀವು ಯಾವ ಯಾವ ನಿಲ್ದಾಣಗಳಲ್ಲಿ ತಪಾಸಣೆಗೆ ಒಳಗಾಗುತ್ತೀರಿ ಎಂಬುದನ್ನು ಒಂದು ಕಾಗದದ ಮೇಲೆ ಬರೆಯಿರಿ. ಹೊರಡುವ ಊರು, ವಿಮಾನ ಬದಲಿಸುವ ಊರು, ಮರಳುವ ದಾರಿ, ನಡುವೆ ಮಾಡುವ ದೇಶೀಯ ಪ್ರಯಾಣ ಎಲ್ಲವೂ ಅದರಲ್ಲಿರಲಿ. ನಿಯಮಗಳು ದೇಶದಿಂದ ದೇಶಕ್ಕೆ ಬೇರೆ. ಒಂದು ಕಡೆ ನಕ್ಕು ಬಿಟ್ಟುಕಳಿಸಿದ ವಸ್ತುವನ್ನು ಇನ್ನೊಂದು ಕಡೆ ಬುಟ್ಟಿಗೆ ಹಾಕಿಸಿಕೊಳ್ಳುತ್ತಾರೆ.

ಅಮೆರಿಕದಿಂದ ಆರಂಭಿಸೋಣ, ಏಕೆಂದರೆ ಅಲಗಿಲ್ಲದ ಮಲ್ಟಿಟೂಲ್‌ಗಳ ಮಾರುಕಟ್ಟೆಯನ್ನು ರೂಪಿಸಿರುವುದು ಅಲ್ಲಿನ ನಿಯಮವೇ. ಅಲ್ಲಿನ ಸಾರಿಗೆ ಭದ್ರತಾ ಆಡಳಿತದ, ಅಂದರೆ ಟಿಎಸ್‌ಎಯ, ನಿಯಮದಂತೆ ಎಷ್ಟೇ ಚಿಕ್ಕ ಚಾಕು ಇರುವ ಮಲ್ಟಿಟೂಲನ್ನೂ ಕ್ಯಾಬಿನ್‌ಗೆ ಒಯ್ಯುವಂತಿಲ್ಲ. ಚಾಕು ಇಲ್ಲದ ಉಪಕರಣ 7 ಇಂಚು, ಅಂದರೆ ಸುಮಾರು 17.8 ಸೆಂ.ಮೀ., ಮೀರದಿದ್ದರೆ ಒಯ್ಯಬಹುದು. ಕತ್ತರಿಯ ಅಲಗು ಕೀಲಿನಿಂದ ತುದಿಯವರೆಗೆ 4 ಇಂಚಿಗಿಂತ ಕಡಿಮೆ ಇರಬೇಕು. ಇಷ್ಟಾದ ಮೇಲೂ ಕೊನೆಯ ತೀರ್ಮಾನ ಅಲ್ಲಿ ನಿಂತಿರುವ ಅಧಿಕಾರಿಯದು ಎಂದು ಟಿಎಸ್‌ಎ ಸ್ಪಷ್ಟವಾಗಿ ಹೇಳುತ್ತದೆ.

ಈ ನಿಯಮದ ಹಿಂದೆ ಒಂದು ಇತಿಹಾಸವಿದೆ. 2001ರ ಸೆಪ್ಟೆಂಬರ್ 11ಕ್ಕೆ ಮೊದಲು ಅಮೆರಿಕದ ವಿಮಾನಗಳಲ್ಲಿ 4 ಇಂಚಿಗಿಂತ ಕಿರಿದಾದ ಅಲಗಿಗೆ ಅಡ್ಡಿಯಿರಲಿಲ್ಲ. ದಾಳಿಯ ನಂತರ ಬಾಗಿಲು ಮುಚ್ಚಿತು. 2013ರ ಮಾರ್ಚ್‌ನಲ್ಲಿ 6 ಸೆಂ.ಮೀ. ಒಳಗಿನ ಮಡಚುವ ಚಾಕುಗಳಿಗೆ ಅನುಮತಿ ಕೊಡುವ ಪ್ರಸ್ತಾವವನ್ನು ಟಿಎಸ್‌ಎ ಮುಂದಿಟ್ಟಿತು. ವಿಮಾನ ಪರಿಚಾರಕರ ಸಂಘಟನೆಗಳು ಬಲವಾಗಿ ವಿರೋಧಿಸಿದವು. ಅದೇ ವರ್ಷದ ಜೂನ್‌ನಲ್ಲಿ ಪ್ರಸ್ತಾವವನ್ನು ಕೈಬಿಡಲಾಯಿತು. ಇನ್ನೇನು ಸಡಿಲವಾಗುತ್ತದೆ ಎಂದು ಕಾಯುವುದರಲ್ಲಿ ಅರ್ಥವಿಲ್ಲ.

ಐರೋಪ್ಯ ಒಕ್ಕೂಟದಲ್ಲಿ ಗಡಿಗೆರೆ 6 ಸೆಂ.ಮೀ. ಚಾಕು, ಕತ್ತರಿಗಳ ಅಲಗು ಅದನ್ನು ಮೀರಬಾರದು. ಉಳಿ, ಸ್ಕ್ರೂಡ್ರೈವರ್‌ಗಳಂಥ ಉಪಕರಣಗಳ ದಂಡಕ್ಕೂ ಅದೇ ಅಳತೆ. ಬ್ರಿಟನ್ನಿನಲ್ಲೂ ಕತ್ತರಿಗೆ, ಉಪಕರಣದ ದಂಡಕ್ಕೆ 6 ಸೆಂ.ಮೀ. ಮಿತಿ. ಕೆನಡಾ 2017ರಿಂದ 6 ಸೆಂ.ಮೀ.ವರೆಗಿನ ಅಲಗನ್ನು ಒಪ್ಪುತ್ತದೆ, ಆದರೆ ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ ಒಪ್ಪುವುದಿಲ್ಲ. ಟೊರಾಂಟೊದಿಂದ ವ್ಯಾಂಕೂವರ್‌ಗೆ ತಂಟೆಯಿಲ್ಲದೆ ಹೋದ ಚಾಕು ಟೊರಾಂಟೊದಿಂದ ನ್ಯೂಯಾರ್ಕ್‌ಗೆ ಹೋಗದು.

ಇನ್ನು ನಮ್ಮ ದೇಶ. ನಾಗರಿಕ ವಿಮಾನಯಾನ ಭದ್ರತಾ ಬ್ಯೂರೊ ನಿಯಮ ರೂಪಿಸುತ್ತದೆ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣವೂ ಸೇರಿದಂತೆ ಪ್ರಮುಖ ನಿಲ್ದಾಣಗಳಲ್ಲಿ ಸಿಐಎಸ್‌ಎಫ್ ಸಿಬ್ಬಂದಿ ಅದನ್ನು ಜಾರಿಗೊಳಿಸುತ್ತಾರೆ. ಇಲ್ಲಿ ಚಾಕು ಮಾತ್ರವಲ್ಲ, ಸ್ಕ್ರೂಡ್ರೈವರ್, ಇಕ್ಕಳ, ಸ್ಪ್ಯಾನರ್, ಸುತ್ತಿಗೆಗಳೂ ಕೈಚೀಲದಲ್ಲಿ ನಿಷೇಧಿತ. ಚೂಪು ತುದಿಯ ಲೋಹದ ಕತ್ತರಿಗೂ ತಡೆಯಿದೆ. ಅಂದರೆ ಅಮೆರಿಕದ ಜಾಹೀರಾತಿನಲ್ಲಿ ‘ವಿಮಾನಕ್ಕೆ ಸುರಕ್ಷಿತ’ ಎಂದು ಮಿಂಚುವ ಪುಟ್ಟ ಇಕ್ಕಳದ ಮಲ್ಟಿಟೂಲ್ ಬೆಂಗಳೂರಿನಲ್ಲಿ ಸಿಕ್ಕಿಬಿದ್ದರೆ ಸಿಬ್ಬಂದಿಯ ಜತೆ ವಾದಿಸಲು ನಿಮ್ಮ ಬಳಿ ಆಧಾರವೇ ಇರುವುದಿಲ್ಲ.

ಒಂದು ದಾರಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಮಗಳ ಮನೆಗೆಂದು ಬೆಂಗಳೂರಿನಿಂದ ಲಂಡನ್ ಮೂಲಕ ಷಿಕಾಗೊಗೆ ಹೊರಟಿದ್ದೀರಿ. ಅಲ್ಲಿಂದ ನಡುವೆ ಸಿಯಾಟಲ್‌ಗೂ ಹೋಗಿಬರುವುದಿದೆ. ಬೆಂಗಳೂರಿನಲ್ಲಿ ಇಕ್ಕಳ ಕೈಚೀಲದಲ್ಲಿರಬಾರದು. ಹೀಥ್ರೂನಲ್ಲಿ ವಿಮಾನ ಬದಲಿಸುವಾಗ ಮತ್ತೆ ತಪಾಸಣೆ, 6 ಸೆಂ.ಮೀ. ಲೆಕ್ಕ. ಷಿಕಾಗೊ–ಸಿಯಾಟಲ್ ನಡುವೆ ಅದೇ ಇಕ್ಕಳ ಜೇಬಿನಿಂದ ಟ್ರೇಗೆ, ಟ್ರೇಯಿಂದ ಜೇಬಿಗೆ ಆರಾಮವಾಗಿ ಹೋಗುತ್ತದೆ. ಹಾಗಾಗಿ ಇಲ್ಲಿಂದ ಹೊರಡುವಾಗ ಚೆಕ್‌-ಇನ್ ಲಗೇಜಿನಲ್ಲಿ, ಅಲ್ಲಿನ ದೇಶೀಯ ಪ್ರಯಾಣದಲ್ಲಿ ಕೈಚೀಲದಲ್ಲಿ, ಮರಳುವಾಗ ಮತ್ತೆ ಚೆಕ್‌-ಇನ್‌ನಲ್ಲಿ. ಭಾರತದಿಂದ ಹೊರಡುವ ಬಹುತೇಕರಿಗೆ ಸರಿಹೊಂದುವ ಏರ್ಪಾಡು ಇದೇ. ಚೆಕ್‌-ಇನ್ ಲಗೇಜೇ ಇಲ್ಲದೆ ಬೆನ್ನುಚೀಲವೊಂದರಲ್ಲೇ ದೇಶದೊಳಗೆ ಓಡಾಡುವವರು ಇಕ್ಕಳದ ಆಸೆ ಬಿಡುವುದು ಒಳ್ಳೆಯದು.

ಎರಡನೆಯ ಹೆಜ್ಜೆ: ನಿಮಗೆ ಬೇಕಾದ ಕೆಲಸ ಯಾವುದು?

ಇದನ್ನು ಬೇಗ ಮುಗಿಸಬಹುದು. ಕನ್ನಡಕ ಹಾಕುವವರಿಗೆ ಸಣ್ಣ ಸ್ಕ್ರೂಡ್ರೈವರ್ ತುದಿ ಮುಖ್ಯ. ಕ್ಯಾಮೆರಾ, ಟ್ರೈಪಾಡ್ ಒಯ್ಯುವವರಿಗೆ ಅಗಲವಾದ ಚಪ್ಪಟೆ ತುದಿ ಬೇಕು. ಮಕ್ಕಳೊಂದಿಗೆ ಹೋಗುವವರಿಗೆ ಬಿಸ್ಕತ್ತು, ಔಷಧಿಯ ಪೊಟ್ಟಣ ಕತ್ತರಿಸಲು ಕತ್ತರಿ. ಸೂಟ್‌ಕೇಸಿನ ಜಿಪ್ಪಿಗೆ ಪ್ಲಾಸ್ಟಿಕ್ ಕೇಬಲ್ ಟೈ ಬಿಗಿದು ಕಳಿಸುವ ಅಭ್ಯಾಸವಿರುವವರು ತಲುಪಿದ ಮೇಲೆ ಅದನ್ನು ಕತ್ತರಿಸುವುದು ಯಾವುದರಿಂದ ಎಂದು ಮೊದಲೇ ಯೋಚಿಸಲಿ. ಕತ್ತರಿಸುವ ಉಪಕರಣ ಅದೇ ಸೂಟ್‌ಕೇಸಿನೊಳಗಿದ್ದರೆ ಫಜೀತಿ. ಎರಡು ಅಥವಾ ಮೂರು ಕೆಲಸ ಹೆಸರಿಸಿ, ನಿಲ್ಲಿಸಿ. ‘ಹದಿನೆಂಟು ಉಪಯೋಗ’ ಎಂದು ಡಬ್ಬಿಯ ಮೇಲೆ ಬರೆದಿರುವುದರಲ್ಲಿ ಅಂಗುಲದ ಅಳತೆಪಟ್ಟಿ, ಕೀ ಚೈನಿನ ತೂತು ಎಲ್ಲವೂ ಲೆಕ್ಕಕ್ಕೆ ಬಂದಿರುತ್ತವೆ.

ಮೂರನೆಯ ಹೆಜ್ಜೆ: ಮೂರು ಜಾತಿಗಳಲ್ಲಿ ಒಂದನ್ನು ಹಿಡಿಯಿರಿ

ಇಕ್ಕಳ ಪ್ರಧಾನವಾದವು ಮೊದಲ ಜಾತಿ. ಲೆದರ್‌ಮನ್ ಕಂಪನಿಯ ಸ್ಟೈಲ್ ಪಿಎಸ್ ಇದರ ಹೆಸರಾಂತ ಮಾದರಿ. ಮಡಚಿದಾಗ ಸುಮಾರು ಏಳೂವರೆ ಸೆಂ.ಮೀ., ತೂಕ 45 ಗ್ರಾಂ ಆಸುಪಾಸು. ಸ್ಪ್ರಿಂಗ್ ಇಕ್ಕಳ, ಕತ್ತರಿ, ಸ್ಕ್ರೂಡ್ರೈವರ್, ಉಗುರಿನ ಅರ, ಚಿಮಟ ಅದರಲ್ಲಿವೆ. ಅದರ ತಯಾರಿಕೆ ನಿಂತಿದೆ. ಈಗ ಸಿಗುವುದು ಹಳೆಯ ದಾಸ್ತಾನು ಅಥವಾ ಕೈಬದಲಾದ ಮಾಲು. ಗರ್ಬರ್ ಕಂಪನಿಯ ಡೈಮ್ ಟ್ರಾವೆಲ್ ಇದೇ ಸಾಲಿನದು. ಕೆಲಸದ ದೃಷ್ಟಿಯಿಂದ ಈ ಜಾತಿಗೆ ಸಾಟಿಯಿಲ್ಲ. ಕಿತ್ತುಹೋದ ಜಿಪ್ಪಿನ ಓಟವನ್ನು ಹಿಡಿದು ಅದುಮಿ ಮತ್ತೆ ಹಲ್ಲು ಕೂರಿಸುವ ಕೆಲಸ ಬರಿ ಬೆರಳುಗಳಿಂದ ಆಗದು. ಆದರೆ ತಪಾಸಣೆಯಲ್ಲಿ ಹೆಚ್ಚು ಅನುಮಾನಕ್ಕೆ ಗುರಿಯಾಗುವುದೂ ಇದೇ.

ಕತ್ತರಿ ಪ್ರಧಾನವಾದವು ಎರಡನೆಯವು. ವಿಕ್ಟೊರಿನಾಕ್ಸ್‌ನ ಜೆಟ್‌ಸೆಟ್ಟರ್ 58 ಮಿ.ಮೀ. ಉದ್ದದ ಪುಟ್ಟ ಉಪಕರಣ. ಕತ್ತರಿ, ಆಯಸ್ಕಾಂತದ ಸ್ಟಾರ್ ಸ್ಕ್ರೂಡ್ರೈವರ್ ಇರುವ ಬಾಟಲಿ ಓಪನರ್, ಚಿಮಟ, ಹಲ್ಲುಕಡ್ಡಿ ಅದರಲ್ಲಿರುತ್ತವೆ. ಸ್ವಿಟ್ಜರ್ಲೆಂಡಿನ ಇಬಾಖ್ ಊರಿನಲ್ಲಿ 1884ರಲ್ಲಿ ಆರಂಭವಾದ ಈ ಕಂಪನಿ ಚಾಕುವಿನಿಂದಲೇ ಬದುಕಿದ್ದು. ಹಾಗಿದ್ದರೂ ಚಾಕುವಿಲ್ಲದ ಜೇಬಿನ ಉಪಕರಣಗಳನ್ನು ರೂಪಿಸುತ್ತಿದ್ದೇವೆ ಎಂದು ಅದರ ಮುಖ್ಯಸ್ಥ ಕಾರ್ಲ್ ಎಲ್ಸೆನರ್ 2024ರಲ್ಲಿ ಹೇಳಿದ್ದರು. ಹಲವು ದೇಶಗಳಲ್ಲಿ ಚಾಕು ಒಯ್ಯುವ ನಿಯಮಗಳು ಬಿಗಿಯಾಗುತ್ತಿರುವುದೇ ಕಾರಣ.

ಮೂರನೆಯದು ಒಂದೇ ತುಂಡಿನದು. ಕೀಲಿಲ್ಲ, ಸ್ಪ್ರಿಂಗಿಲ್ಲ, ಮಡಿಕೆಯಿಲ್ಲ. ಗರ್ಬರ್ ಶಾರ್ಡ್ ಇದಕ್ಕೆ ಒಳ್ಳೆಯ ಉದಾಹರಣೆ: ಒಂದು ಚಪ್ಪಟೆ ಉಕ್ಕಿನ ತುಂಡಿನ ಒಂದು ತುದಿ ಮೀಟುವುದಕ್ಕೆ, ಇನ್ನೊಂದು ಸ್ಕ್ರೂ ತಿರುಗಿಸುವುದಕ್ಕೆ, ನಡುವಿನ ಕೊರೆತ ಬಾಟಲಿಯ ಮುಚ್ಚಳಕ್ಕೆ. ಕತ್ತರಿಸುವುದೊಂದನ್ನು ಬಿಟ್ಟು ಸಣ್ಣಪುಟ್ಟ ಕೆಲಸಕ್ಕೆ ಸಾಕು, ಬೆಲೆಯೂ ಕಡಿಮೆ. ಬೀಗದ ಕೈಗಳ ಗೊಂಚಲಿನಲ್ಲಿ ಇನ್ನೊಂದು ಕೀಲಿಯಂತೆ ಕಾಣುತ್ತದೆ ಎಂಬುದು ಇದರ ದೊಡ್ಡ ಗುಣ.

ನನ್ನ ಆಯ್ಕೆ ಕೇಳಿದರೆ: ಭಾರತದೊಳಗೆ ಹೆಚ್ಚು ಹಾರುವವರಿಗೆ ಮೂರನೆಯದು (ಅದರ ಸ್ಕ್ರೂ ತುದಿಗೂ ಇಲ್ಲಿ ಅಡ್ಡಿ ಬರಬಹುದು ಎಂಬುದು ನೆನಪಿರಲಿ), ಅಮೆರಿಕ ಅಥವಾ ಯುರೋಪಿನಲ್ಲಿ ನೆಲೆಸಿದ ಕನ್ನಡಿಗರಿಗೆ ಮೊದಲನೆಯದು. ಎರಡನೆಯದು ನೋಡಲು ಬಲು ಚಂದ. ಆದರೆ ‘ಸ್ವಿಸ್ ನೈಫ್’ ಎಂದರೆ ಸಾಕು ಸಿಬ್ಬಂದಿಯ ಹುಬ್ಬು ಏರುತ್ತದೆ, ಒಳಗೆ ಚಾಕು ಇಲ್ಲವೆಂದು ಬಿಚ್ಚಿ ತೋರಿಸುವ ಹೊರೆ ನಿಮ್ಮ ಮೇಲೆ ಬೀಳುತ್ತದೆ.

ಉಕ್ಕಿನ ಕೈಪಟ್ಟಿಯ ರೂಪದಲ್ಲಿರುವ ಲೆದರ್‌ಮನ್ ಟ್ರೆಡ್‌ನ ಕಥೆ ಸ್ವಾರಸ್ಯವಾದದ್ದು. ಕಂಪನಿಯ ಅಧ್ಯಕ್ಷರನ್ನು ಡಿಸ್ನಿಲ್ಯಾಂಡಿನ ಬಾಗಿಲಲ್ಲಿ ಮಲ್ಟಿಟೂಲ್ ಇದ್ದ ಕಾರಣಕ್ಕೆ ತಡೆದಾಗ ಹೊಳೆದ ಯೋಚನೆ ಅದು, 2015ರಲ್ಲಿ ಜನರ ಮುಂದೆ ಬಂತು. 29 ಉಪಕರಣಗಳ ಆ ಪಟ್ಟಿಯಲ್ಲಿ ಕತ್ತರಿಸುವ ಸಣ್ಣ ಕೊಕ್ಕೆಯೂ ಇದೆ. ಪಾರ್ಕಿನ ಬಾಗಿಲಿಗೆ ಸರಿ, ವಿಮಾನ ನಿಲ್ದಾಣಕ್ಕೆ ನಾನು ಶಿಫಾರಸು ಮಾಡಲಾರೆ: ಪ್ರತಿಸಲ ಬಿಚ್ಚಿ ಟ್ರೇಗೆ ಹಾಕಬೇಕು, ಪ್ರತಿಸಲ ವಿವರಿಸಬೇಕು.

ನಾಲ್ಕನೆಯ ಹೆಜ್ಜೆ: ಅವಳಿಗಳಲ್ಲಿ ಗೊಂದಲವಾಗದಿರಲಿ

ಕೊಳ್ಳುವವರು ಹೆಚ್ಚಾಗಿ ಎಡವುವುದು ಇಲ್ಲಿ. ಒಂದೇ ಮೈಕಟ್ಟಿನಲ್ಲಿ ಅಲಗಿರುವುದನ್ನೂ ಅಲಗಿಲ್ಲದ್ದನ್ನೂ ಕಂಪನಿಗಳು ತಯಾರಿಸುತ್ತವೆ. ಸ್ಟೈಲ್ ಪಿಎಸ್‌ಗೆ ಚಾಕು ಇಲ್ಲ. ಸ್ಟೈಲ್ ಸಿಎಸ್‌ಗೆ ಇದೆ. ಸ್ಕ್ವರ್ಟ್ ಪಿಎಸ್4 ಹೆಸರಿನಲ್ಲೂ ‘ಪಿಎಸ್’ ಇದೆ, ಒಳಗೆ ಚಾಕುವೂ ಇದೆ. ಬರಿ ‘ಡೈಮ್’ ಎಂದರೆ ಚಾಕು ಸಹಿತ, ‘ಡೈಮ್ ಟ್ರಾವೆಲ್’ ಎಂದರೆ ರಹಿತ. ಜೆಟ್‌ಸೆಟ್ಟರ್‌ನಷ್ಟೇ ಉದ್ದದ ಕ್ಲಾಸಿಕ್ ಎಸ್‌ಡಿಯಲ್ಲಿ ಪುಟ್ಟ ಚಾಕು ಅಡಗಿ ಕುಳಿತಿರುತ್ತದೆ. ಆನ್‌ಲೈನ್‌ನಲ್ಲಿ ಕೊಳ್ಳುವಾಗ ಶೀರ್ಷಿಕೆಯನ್ನು ನಂಬದೆ ಎಲ್ಲ ಭಾಗಗಳನ್ನೂ ಬಿಚ್ಚಿಟ್ಟ ಚಿತ್ರ ನೋಡಿ, ಒಂದೊಂದನ್ನೂ ಬೆರಳಿಟ್ಟು ಗುರುತಿಸಿ. ಗುರುತು ಸಿಗದ ಒಂದು ಭಾಗ ಉಳಿದರೂ ಕೊಳ್ಳಬೇಡಿ.

ಚಾಕು ಎಂದು ಹೆಸರಿಸದಿದ್ದರೂ ಚಾಕುವಿನ ಕೆಲಸ ಮಾಡುವ ಭಾಗಗಳಿರುತ್ತವೆ: ಪಾರ್ಸೆಲ್ ಬಿಚ್ಚುವ ಕೊಕ್ಕೆ, ಗರಗಸದ ಹಲ್ಲು, ದಬ್ಬಳದಂಥ ಮೊನೆ. ಇವು ಇರುವುದನ್ನು ಬಿಡಿ. ಪರ್ಸಿನಲ್ಲಿಡುವ ಕಾರ್ಡಿನಾಕಾರದ ಉಕ್ಕಿನ ಹಲಗೆಗಳು ಅಗ್ಗಕ್ಕೆ ಸಿಗುತ್ತವೆ. ಅವುಗಳ ಒಂದು ಅಂಚು ಸಾಮಾನ್ಯವಾಗಿ ಹರಿತ, ಇನ್ನೊಂದು ಗರಗಸ. ಪರ್ಸಿನಲ್ಲಿ ಅಡಗಿಸಿಟ್ಟಂತೆ ಕಾಣುವ ಹರಿತ ವಸ್ತು ಸಿಕ್ಕಿದರೆ ಪ್ರಶ್ನೆಗಳ ಧಾಟಿಯೇ ಬೇರೆಯಾಗುತ್ತದೆ. ಬೆರಳು ತೂರಿಸಿ ಮುಷ್ಟಿ ಬಿಗಿಯುವಂಥ ಬೆಕ್ಕಿನ ಕಿವಿಯ ಕೀ ಚೈನುಗಳೂ ಅಮೆರಿಕದಲ್ಲಿ ಕೈಚೀಲಕ್ಕೆ ನಿಷೇಧಿತ. ಲೈಟರ್ ಜೋಡಿಸಿದ ಮಾದರಿಗಳನ್ನಂತೂ ಮುಟ್ಟಲೇಬೇಡಿ: ಭಾರತದಲ್ಲಿ ಲೈಟರ್ ಕೈಚೀಲಕ್ಕೂ ಸಲ್ಲದು, ಚೆಕ್‌-ಇನ್‌ಗೂ ಸಲ್ಲದು.

ಮನೆಯಲ್ಲಿರುವ ಮಲ್ಟಿಟೂಲಿನ ಚಾಕು ಕಳಚಿ ಒಯ್ಯಬಹುದೇ ಎಂದು ಕೇಳುವವರಿದ್ದಾರೆ. ಕೀಲಿನ ಸ್ಕ್ರೂ ಬಿಚ್ಚಲು ವಿಶೇಷ ತುದಿ ಬೇಕು, ವಾರಂಟಿಗೆ ಕುತ್ತು, ಚಾಕು ಇದ್ದ ಜಾಗದ ಖಾಲಿ ಸಂದು ‘ಇಲ್ಲೇನೋ ಇತ್ತು’ ಎಂದು ಸಾರುತ್ತಿರುತ್ತದೆ. ಕೈಚಳಕವಿದ್ದರೆ ಮಾಡಿ, ನಾನು ಅದರ ಗೊಡವೆಗೆ ಹೋಗುವುದಿಲ್ಲ.

ಐದನೆಯ ಹೆಜ್ಜೆ: ಸ್ಕೇಲು ಹಿಡಿದು ಅಳೆಯಿರಿ

ಮಡಚಿದ ಉದ್ದವನ್ನು ಮಾತ್ರ ಡಬ್ಬಿಯ ಮೇಲೆ ಬರೆದಿರುತ್ತಾರೆ. ಇಕ್ಕಳವನ್ನು ಪೂರ್ತಿ ಬಿಡಿಸಿ, ಹಿಡಿಯ ಬುಡದಿಂದ ಮೂತಿಯ ತುದಿಯವರೆಗೆ ಅಳೆಯಿರಿ. 7 ಇಂಚಿನ ಮಾತು ಬಂದಾಗ ಲೆಕ್ಕಕ್ಕೆ ಬರುವುದು ಬಿಡಿಸಿದ ಉದ್ದ ಎಂದೇ ಇಟ್ಟುಕೊಳ್ಳಿ. ಕತ್ತರಿಯನ್ನು ಕೀಲಿನ ಮೊಳೆಯಿಂದ ತುದಿಗೆ ಅಳೆಯಿರಿ. ಸ್ಕ್ರೂಡ್ರೈವರ್ ತುದಿಯನ್ನು ಅದು ಹಿಡಿಯಿಂದ ಹೊರಬರುವ ಜಾಗದಿಂದ ಅಳೆಯಿರಿ. ಕೀ ಚೈನ್ ಗಾತ್ರದ ಯಾವುದೂ ಈ ಮಿತಿಗಳನ್ನು ಮೀರುವುದು ಅಪರೂಪ. ಹಾಗಿದ್ದರೂ ಅಳತೆ ನಿಮ್ಮ ಬಾಯಲ್ಲಿದ್ದರೆ ತಪಾಸಣೆಯ ಮೇಜಿನ ಮುಂದೆ ತಡವರಿಸಬೇಕಾಗುವುದಿಲ್ಲ.

ಆರನೆಯ ಹೆಜ್ಜೆ: ಎಕ್ಸ್‌ರೇ ಕಣ್ಣಿನಿಂದ ನೋಡಿ

ತಪಾಸಣೆಯ ಯಂತ್ರ ವಸ್ತುಗಳಿಗೆ ಬಣ್ಣ ಹಚ್ಚಿ ತೋರಿಸುತ್ತದೆ. ಬಟ್ಟೆ, ಆಹಾರ, ಪುಸ್ತಕಗಳಂಥವು ಕಿತ್ತಳೆ ಬಣ್ಣದಲ್ಲಿ, ಲೋಹಗಳು ನೀಲಿಯಲ್ಲಿ ಕಾಣುತ್ತವೆ. ಲೋಹ ದಪ್ಪವಾದಷ್ಟೂ ನೀಲಿ ಕಪ್ಪಿಗೆ ತಿರುಗುತ್ತದೆ. ಮಡಚಿದ ಮಲ್ಟಿಟೂಲಿನಲ್ಲಿ ಪದರದ ಮೇಲೆ ಪದರ ಉಕ್ಕು ಕುಳಿತಿರುವುದರಿಂದ ಪರದೆಯಲ್ಲಿ ಕಾಣುವುದು ಒಂದು ಕಡುಗಪ್ಪು ಆಯತ. ಆ ಪದರಗಳಲ್ಲಿ ಒಂದು ಚಾಕುವೋ ಅರವೋ ಎಂದು ಬೇರ್ಪಡಿಸಿ ಹೇಳುವುದು ಕಷ್ಟ. ಚೀಲ ಪಕ್ಕಕ್ಕೆ ಸರಿಯುವುದು ಆಗಲೇ. ಕೆಲವು ನಿಲ್ದಾಣಗಳಿಗೆ ಬಂದಿರುವ ಸಿಟಿ ಸ್ಕ್ಯಾನರ್‌ಗಳಲ್ಲಿ ಚಿತ್ರವನ್ನು ಎಲ್ಲ ದಿಕ್ಕಿಗೂ ತಿರುಗಿಸಿ ನೋಡಬಹುದಾದರೂ ಅನುಮಾನ ಬಂದರೆ ಚೀಲ ತೆರೆಸುವುದು ತಪ್ಪದು.

ಇದನ್ನು ತಿಳಿದರೆ ಆಯ್ಕೆಗೆ ಹೊಸ ಮಾನದಂಡ ಸಿಗುತ್ತದೆ. ಎರಡು ಮಾದರಿಗಳ ನಡುವೆ ಮನಸ್ಸು ತೂಗುತ್ತಿದ್ದರೆ ತೆಳುವಾದದ್ದನ್ನು, ಕಡಿಮೆ ಪದರಗಳದ್ದನ್ನು, ಹಿಡಿಯಲ್ಲಿ ಆರಪಾರ ಕೊರೆತಗಳಿರುವುದನ್ನು ಹಿಡಿಯಿರಿ. ಉಗುರಿನ ಸಹಾಯದಿಂದ ಸುಲಭವಾಗಿ ಎಲ್ಲ ಭಾಗಗಳೂ ತೆರೆದುಕೊಳ್ಳಬೇಕು. ಸಾಲಿನಲ್ಲಿ ಹಿಂದಿನವರು ಲೊಚಗುಟ್ಟುತ್ತಿರುವಾಗ ಬಿಗಿಯಾದ ಕೀಲಿನೊಡನೆ ಗುದ್ದಾಡುವುದು ಯಾರಿಗೂ ಬೇಡ. ಒಯ್ಯುವಾಗ ಚಾರ್ಜರ್, ನಾಣ್ಯ, ವಯರುಗಳ ಗಂಟಿನೊಳಗೆ ಅದನ್ನು ಹೂಳಬೇಡಿ. ನಿಯಮ ಒಪ್ಪುವ ನಿಲ್ದಾಣಗಳಲ್ಲಿ ಮೊಬೈಲಿನ ಪಕ್ಕದಲ್ಲೇ ಟ್ರೇನಲ್ಲಿ ತೆರೆದಿಡಿ.

ಏಳನೆಯ ಹೆಜ್ಜೆ: ಕೈಯಲ್ಲಿ ಹಿಡಿದು ಪರೀಕ್ಷಿಸಿ

ಮುಚ್ಚಿದ ಇಕ್ಕಳದ ಮೂತಿಯನ್ನು ಬೆಳಕಿಗೆ ಹಿಡಿಯಿರಿ. ತುದಿಗಳು ಒಂದಕ್ಕೊಂದು ಸರಿಯಾಗಿ ಕೂಡಬೇಕು. ಬುಡದಲ್ಲಿ ಕೂದಲೆಳೆಯ ಬೆಳಕು ಕಂಡರೆ ಚಿಂತೆಯಿಲ್ಲ, ತುದಿಯಲ್ಲಿ ಕಂಡರೆ ಕನ್ನಡಕದ ಸ್ಕ್ರೂ ಹಿಡಿಯಲಾಗದು. ಅಂಗಡಿಯ ರಸೀದಿಯ ಚೂರೊಂದನ್ನು ತುದಿಯಲ್ಲಿ ಕಚ್ಚಿಸಿ ಎಳೆಯಿರಿ. ಕಾಗದ ಹರಿಯಬೇಕು, ಜಾರಬಾರದು. ಹಿಡಿಗಳನ್ನು ಅಡ್ಡಡ್ಡಲಾಗಿ ಅಲುಗಿಸಿದರೆ ಕೀಲು ಲಟಲಟ ಎನ್ನಬಾರದು.

ಕತ್ತರಿಗೆ ತೆಳುವಾದ ಪ್ಲಾಸ್ಟಿಕ್ ಚೀಲವೇ ಒಳ್ಳೆಯ ಪರೀಕ್ಷಕ. ದಪ್ಪ ಕಾಗದವನ್ನು ಯಾವ ಕತ್ತರಿಯೂ ಕತ್ತರಿಸೀತು; ತೆಳು ಪ್ಲಾಸ್ಟಿಕ್ಕನ್ನು ಸಡಿಲ ಕತ್ತರಿ ಎರಡು ಅಲಗುಗಳ ನಡುವೆ ಮಡಚಿಕೊಂಡುಬಿಡುತ್ತದೆ. ತುದಿಯವರೆಗೂ ಕತ್ತರಿಸುತ್ತದೆಯೇ ನೋಡಿ. ಕತ್ತರಿಯ ಸ್ಪ್ರಿಂಗ್ ಈ ಪುಟ್ಟ ಉಪಕರಣಗಳಲ್ಲಿ ಬೇಗ ಸೋಲುವ ಭಾಗ. ಹತ್ತಾರು ಸಲ ತೆರೆದು ಮುಚ್ಚಿ, ಅದು ತಾನಾಗಿ ಬಿಚ್ಚಿಕೊಳ್ಳುತ್ತದೆಯೇ ಗಮನಿಸಿ. ಸ್ಕ್ರೂಡ್ರೈವರ್ ತುದಿಯನ್ನು ನಿಮ್ಮದೇ ಕನ್ನಡಕದ ಸ್ಕ್ರೂಗೆ ಹಚ್ಚಿ ನೋಡಿ. ತುದಿ ದಪ್ಪವಾಗಿದ್ದು ಸ್ಕ್ರೂವಿನ ಗೀರಿನಲ್ಲಿ ಕೂರದಿದ್ದರೆ ‘ಕನ್ನಡಕ ರಿಪೇರಿಗೂ’ ಎಂಬ ಮಾತಿಗೆ ಬೆಲೆಯಿಲ್ಲ.

ಇವೆಲ್ಲವೂ ಸ್ಟೇನ್‌ಲೆಸ್ ಉಕ್ಕಿನವೇ. ಆದರೂ ಕರಾವಳಿಯ ಉಪ್ಪುಗಾಳಿಯಲ್ಲಿ ಓಡಾಡುವವರು ಕೀಲಿಗೆ ಆಗಾಗ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಡುವುದು ಒಳಿತು.

ಎಂಟನೆಯ ಹೆಜ್ಜೆ: ‘ಟಿಎಸ್‌ಎ ಅಪ್ರೂವ್ಡ್’ ಎಂಬ ಮಾತನ್ನು ಬದಿಗಿಡಿ

ಸೂಟ್‌ಕೇಸಿನ ಬೀಗಗಳಲ್ಲಿ ಕೆಂಪು ವಜ್ರಾಕಾರದ ಗುರುತು ನೋಡಿರುತ್ತೀರಿ. ಅಂಥ ಬೀಗಗಳನ್ನು ಅಮೆರಿಕದ ಸಿಬ್ಬಂದಿ ತಮ್ಮ ಬಳಿಯ ಮಾಸ್ಟರ್ ಕೀಲಿಯಿಂದ ತೆರೆಯಬಲ್ಲರು, ಅದಕ್ಕೊಂದು ವ್ಯವಸ್ಥೆಯಿದೆ. ಮಲ್ಟಿಟೂಲ್‌ಗೆ ಅಂಥ ಯಾವ ಮುದ್ರೆಯೂ ಇಲ್ಲ. ‘ನಿಯಮಗಳಿಗೆ ಹೊಂದುತ್ತದೆ’ ಎಂಬುದು ತಯಾರಕರ ಮಾತು. ಡಬ್ಬಿಯನ್ನು ತೋರಿಸಿದರೆ ಅಧಿಕಾರಿ ಒಪ್ಪಲೇಬೇಕೆಂದಿಲ್ಲ, ಕೆಂಪೇಗೌಡ ನಿಲ್ದಾಣದಲ್ಲಂತೂ ಆ ಇಂಗ್ಲಿಷ್ ಅಕ್ಷರಗಳಿಗೆ ಯಾವ ಅಧಿಕಾರವೂ ಇಲ್ಲ. ಬೆಲೆ ಕಟ್ಟುವಾಗಲೂ ಇದು ನೆನಪಿರಲಿ: ಕಳೆದುಕೊಂಡರೆ ಒಂದು ದಿನ ಮನಸ್ಸು ಕೆಡುವಷ್ಟು ದುಬಾರಿಯದನ್ನು ಈ ಕೆಲಸಕ್ಕೆ ಕೊಳ್ಳಬೇಡಿ. ಅಜ್ಜ ಕೊಟ್ಟದ್ದು, ಹೆಸರು ಕೆತ್ತಿಸಿದ್ದು ಮನೆಯ ಕಪಾಟಿನಲ್ಲೇ ಇರಲಿ.

ತಡೆದರೆ ಏನು ಮಾಡಬೇಕು?

ಕೇಳುವ ಮುನ್ನವೇ ಚೀಲಕ್ಕೆ ಕೈ ಹಾಕಬೇಡಿ. ಚೀಲ ತೆರೆಯುವುದು ಸಿಬ್ಬಂದಿಯ ಕೆಲಸ. ಅವರು ಹೇಳಿದ ಮೇಲೆ ಉಪಕರಣವನ್ನು ಟ್ರೇಯ ಮೇಲಿಟ್ಟು, ಒಂದೊಂದೇ ಭಾಗವನ್ನು ನಿಧಾನವಾಗಿ ತೆರೆದು ತೋರಿಸಿ. “ಸರ್, ಇದರಲ್ಲಿ ಚಾಕು ಇಲ್ಲ, ಕತ್ತರಿ ಮಾತ್ರ” ಎಂಬಷ್ಟೇ ಮಾತು ಸಾಕು. ಬೇರೆ ದೇಶದ ನಿಯಮ ಉಲ್ಲೇಖಿಸುವುದು, ಹೋದ ಸಲ ಬಿಟ್ಟಿದ್ದರು ಎನ್ನುವುದು ಕೆಲಸ ಕೆಡಿಸುತ್ತದೆ.

ಒಪ್ಪದಿದ್ದರೆ, ಹೊತ್ತಿದ್ದರೆ, ವಿಮಾನಯಾನ ಸಂಸ್ಥೆಯ ಕೌಂಟರಿಗೆ ಮರಳಿ ಚೀಲವನ್ನು ಚೆಕ್‌-ಇನ್‌ಗೆ ಹಾಕಬಹುದೇ ಎಂದು ಕೇಳಿ. ಹಾಗೆ ಮಾಡುವುದಾದರೆ ಪವರ್ ಬ್ಯಾಂಕನ್ನು ಮರೆಯದೆ ಹೊರತೆಗೆಯಿರಿ, ಅದಕ್ಕೆ ಚೆಕ್‌-ಇನ್ ಲಗೇಜಿನಲ್ಲಿ ಜಾಗವಿಲ್ಲ. ಅಮೆರಿಕದಲ್ಲಾದರೆ ಬೀಳ್ಕೊಡಲು ಬಂದವರ ಕೈಗೆ ಕೊಡಬಹುದು, ಕೆಲವು ನಿಲ್ದಾಣಗಳಲ್ಲಿ ಅಂಚೆಯಲ್ಲಿ ಮನೆಗೆ ಕಳಿಸುವ ಸೌಲಭ್ಯವೂ ಇದೆ. ಅಲ್ಲಿ ಬಿಟ್ಟುಹೋದ ಚಾಕು, ಉಪಕರಣಗಳಲ್ಲಿ ಬಹಳಷ್ಟು ಆಯಾ ರಾಜ್ಯಗಳ ಹೆಚ್ಚುವರಿ ಸಾಮಗ್ರಿ ವಿಭಾಗಗಳ ಪಾಲಾಗಿ ರಾಶಿ ಲೆಕ್ಕದಲ್ಲಿ ಮಾರಾಟವಾಗುತ್ತವೆ. ಬೆಂಗಳೂರಿನಲ್ಲಿ ಕಾರು ಚಾಲಕ ನಿಲ್ದಾಣ ಬಿಟ್ಟು ಹೊರಡುವ ಮುನ್ನವೇ ಕೈಚೀಲವನ್ನೊಮ್ಮೆ ತಡಕಿದರೆ ಇಕ್ಕಳ ಅವನ ಕೈಯಲ್ಲೇ ಮನೆ ಸೇರುತ್ತದೆ.